ಹುಳದ ಮನೆಯ ಹಲ್ಲಿ

ಅಪ್ಪ,

ಹಾಸ್ಟೆಲಿನಿಂದ ನಿನಗೆ ಬರೆಯುತ್ತಿದ್ದ ಅಭ್ಯಾಸ, ನೀನು ತೀರಿಹೋದ ಮೇಲೂ ಬಿಟ್ಟಿಲ್ಲ. ಕಾಲೇಜಿನ ಸೀನಿಯರ್ ಒಬ್ಬಳು ಸಾಕಿ ಬೇಜಾರಾಗಿ ಡಬ್ಬಿಯಲ್ಲೇ ಬಿಟ್ಟಿದ್ದ ಗೆಕೋ, ಅಂದರೆ ಚುಕ್ಕೆಯ ಫಾರಿನ್ ಹಲ್ಲಿ, ಉಪವಾಸ ಬಿದ್ದು ಸೊರಗಿಹೋಗಿತ್ತು. ರೆಸ್ಕ್ಯೂ ಮಾಡಿ ರಜೆಗೆ ಕೊಳ್ಳೇಗಾಲಕ್ಕೆ ತಂದೆ. ಏನು ಕೊಟ್ಟರೂ ತಿನ್ನಲಿಲ್ಲ. ಇವತ್ತು ನಮ್ಮ ರೇಷ್ಮೆ ಹುಳದ ಮನೆಯಲ್ಲಿ ಕೂತು ಒಂದು ಹುಳ ಅದರ ಬಾಯಿಗೆ ಹಿಡಿದೆ. ಗಬಕ್ಕನೆ ನುಂಗಿತು. ಖುಷಿಗೆ ಅತ್ತುಬಿಟ್ಟೆ.

ಆಗಲೇ ಚಿಕ್ಕಪ್ಪ ಬಂದರು. "ಹುಳ ಸಾಕೋ ಮನೇಲಿ ಹಲ್ಲಿ ಸಾಕ್ತಿಯೇನಮ್ಮಿ? ಕಾಲೇಜ್ನಲ್ಲಿ ಇದ್ನೇ ಕಲ್ಸದಾ?" ಅಂತ ಕಡ್ಡಿ ಪೊರಕೆ ಬೀಸಿದರು. ಬಾಲ ಕಳಚಿ ನೆಲದಲ್ಲಿ ಒದ್ದಾಡಿತು. ಅದನ್ನೇ ಹಲ್ಲಿ ಅಂದುಕೊಂಡು ಮತ್ತೆ ಮತ್ತೆ ಬಡಿದರು. ಹಲ್ಲಿ ಅಷ್ಟರಲ್ಲೇ ನನ್ನ ದುಪಟ್ಟಾದೊಳಗೆ ಸೇರಿ ನಡುಗುತ್ತಿತ್ತು.

ಪೊರಕೆ ಕಿತ್ತುಕೊಂಡು ಅವರ ಮುಖಕ್ಕೇ ಬಾರಿಸಿದೆ. ಹುಬ್ಬು ಸೀಳಿ ರಕ್ತ ಬಂತು. ನಿಲ್ಲಿಸೋಕೆ ಆಗಲಿಲ್ಲ ಅಪ್ಪ, ಮತ್ತೂ ಬಾರಿಸಿದೆ.

ಚಿಕ್ಕಪ್ಪ ಬೈಯಲಿಲ್ಲ. "ಥೇಟ್ ನಮ್ಮಣ್ಣನ್ ಕೈ ಕಣಮ್ಮಿ ನಿಂದು" ಅಂದರು, ರಕ್ತ ಒರೆಸಿಕೊಳ್ಳುತ್ತಾ.

ಸದ್ದಿಗೆ ಅಮ್ಮ ಓಡಿಬಂದಿದ್ದಳು. ಏನೋ ಹೇಳೋಣ ಅಂತ ಅವಳ ಕಡೆ ತಿರುಗಿದೆ. ಪೊರಕೆ ಇನ್ನೂ ಕೈಯಲ್ಲೇ ಇತ್ತು.

ಅಮ್ಮ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದಳು.