ಚೀಟಿಯಲ್ಲಿ ಬಾರದ ಹೆಸರು

ಅಕ್ಟೋಬರ್ 14, ಮಂಗಳವಾರ

ಇವತ್ತು ಮುಬೀನಾಗೆ ಸುಳ್ಳು ಹೇಳಿದೆ. ಅದೊಂದೇ ತಲೆ ಕೊರೆಯುತ್ತಿದೆ.

ನಮ್ಮ ಸಂಸ್ಥೆ ನಡೆಸುವ ಆಸ್ಪತ್ರೆ ವಾರ್ಡ್ ಸಹಾಯಕಿಯರ ತರಬೇತಿಗೆ ಅರವತ್ತು ಜನ ಅರ್ಜಿ ಹಾಕಿದ್ದರು. ಅರವತ್ತು ಜನಕ್ಕೂ ಜಾಗವಿತ್ತು. ಆದರೆ ತರಬೇತಿಯಿಂದ ನಿಜಕ್ಕೂ ಕೆಲಸ ಸಿಗುತ್ತದೆಯೇ ಎಂದು ಅಳೆಯಬೇಕಾದರೆ, ಹೋಲಿಸಿ ನೋಡಲು ತರಬೇತಿ ಸಿಗದವರೂ ಬೇಕು. ಚೀಟಿ ಎತ್ತಿ ಮೂವತ್ತು ಜನರನ್ನಷ್ಟೇ ತೆಗೆದುಕೊಳ್ಳೋಣ ಎಂದು ಬರೆದುಕೊಟ್ಟವಳು ನಾನೇ. ಮ್ಯಾನೇಜರ್ ಕೇದಾರ್ ಸರ್ ತುಂಬಾ ಮೆಚ್ಚಿಕೊಂಡಿದ್ದರು.

ಬೆಳಿಗ್ಗೆ ಶಿವಾಜಿನಗರದ ಕಚೇರಿಯಲ್ಲಿ ಚೀಟಿ ಎತ್ತಿದೆವು. ಮುಬೀನಾಳ ಹೆಸರು ಬರಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ಎರಡು ವರ್ಷ ಒಬ್ಬಳೇ ನೋಡಿಕೊಂಡವಳು. ನನಗೆ ಬರುವುದು ಇದೊಂದೇ ಕೆಲಸ ಎಂದು ಅರ್ಜಿಯಲ್ಲಿ ಬರೆದಿದ್ದಳು.

ಎಲ್ಲರೂ ಹೋದ ಮೇಲೂ ಬಾಗಿಲ ಬಳಿ ನಿಂತೇ ಇದ್ದಳು.

"ಸೀಟ್ ಇರ್ಲಿಲ್ವಾ ಮೇಡಂ?"

"ಇರ್ಲಿಲ್ಲಮ್ಮ," ಎಂದೆ.

"ಪರವಾಗಿಲ್ಲ ಬಿಡಿ. ನೀವಾದ್ರೂ ಏನ್ ಮಾಡ್ತೀರಾ, ಪಾಪ."

ಆಮೇಲೆ ಕೇಳಲೇಬೇಕಾದದ್ದನ್ನು ಕೇಳಿದೆ. ಕೆಲಸ ಸಿಕ್ಕಿತಾ ಅಂತ ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ ವಿಚಾರಿಸಬಹುದಾ? ಅವಳ ಮುಖ ಅರಳಿತು.

"ಮಾಡಿ ಮೇಡಂ. ಅಮ್ಮೀ ಹೋದ್ಮೇಲೆ ನನ್ನ ಯಾರೂ ವಿಚಾರಿಸ್ಕೊಂಡಿಲ್ಲ."

ತನ್ನ ನಂಬರಿನ ಜೊತೆಗೆ, ಇರಲಿ ಎಂದು, ಪಕ್ಕದ ಮನೆಯವರ ನಂಬರನ್ನೂ ಬರೆದುಕೊಟ್ಟು ಹೋದಳು.

ಜನವರಿಯಲ್ಲಿ ಮೊದಲ ಫೋನು. ಅವಳಿಗೆ ಕೆಲಸ ಸಿಗದೇ ಹೋದರೇ ನಮ್ಮ ವರದಿಗೆ ಒಳ್ಳೆಯದು, ತರಬೇತಿಯಿಂದಲೇ ಕೆಲಸ ಸಿಗುತ್ತದೆ ಎಂದು ತೋರಿಸಬಹುದು. ಜಾಗವಿದ್ದೂ ಮೂವತ್ತು ಜನರನ್ನು ಹೊರಗಿಟ್ಟದ್ದು ತಪ್ಪು ಎಂದು ನಾಳೆ ಕೇದಾರ್ ಸರ್‌ಗೆ ಹೇಳಬೇಕು. ಆದರೆ ಯಾವ ಮುಖ ಇಟ್ಟುಕೊಂಡು ಹೇಳಲಿ, ನಾನೇ ಬರೆದ ಯೋಜನೆಯನ್ನು ನಾನೇ...