ಹೆಸರು ಹೇಳದ ಓಟು

ದಿಬ್ಬೂರಹಳ್ಳಿ
ಭಾನುವಾರ, 9-10-1960

ಪ್ರೀತಿಯ ಮಂಗಮ್ಮನಿಗೆ,

ನಿನ್ನ ಗೆಳತಿ ವೆಂಕಟರತ್ನಮ್ಮನ ನಮಸ್ಕಾರಗಳು. ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ನಿನ್ನ ಯಜಮಾನರ ಎಂಬೆಸಿ ಕೆಲಸ ಹೇಗಿದೆ? ಮಗುವಿಗೆ ಸ್ವಿಟ್ಜರ್ಲೆಂಡಿನ ಚಳಿ ಒಗ್ಗಿತೆ? ಜುಲೈನಲ್ಲಿ ಬಂದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಹಗಲು ಸ್ಕೂಲಿನಲ್ಲಿ ಪಾಠ, ಮನೆಗೆ ಬಂದರೆ ರೇಷ್ಮೆಹುಳು. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿನಲ್ಲಿ ಹೆಂಗಸರಿಗೆ ಊಟಕ್ಕೂ ಬಿಡುವಿಲ್ಲ ಎನ್ನುವುದು ನಿನಗೆ ಗೊತ್ತು.

ನಿಮ್ಮ ಪಕ್ಕದ ಮನೆಯ ಡಾಕ್ಟರಮ್ಮನಿಗೆ ಓಟಿಲ್ಲ ಎಂದು ಬರೆದಿದ್ದೀಯೆ. ಹೋದ ವರ್ಷ ಅಲ್ಲಿನ ಗಂಡಸರನ್ನು ಕೇಳಿದಾಗ ಮೂರರಲ್ಲಿ ಎರಡು ಪಾಲು ಜನ ಹೆಂಗಸರಿಗೆ ಓಟು ಬೇಡವೆಂದರು ಎಂಬುದನ್ನು ನಾನೂ ಪೇಪರಿನಲ್ಲಿ ಓದಿದ್ದೆ. ನಮ್ಮಲ್ಲಿ ಮೊದಲ ಚುನಾವಣೆಯಲ್ಲೇ ಕೂಲಿಯವಳಿಗೂ ಓಟು ಬಂತು. ಈಗ ಪಂಚಾಯಿತಿಯಲ್ಲೂ ಹೆಂಗಸರಿಗೆ ಸ್ಥಾನ ಮೀಸಲಿದೆ. "ಇದನ್ನು ಹೇಳಿದರೆ ಡಾಕ್ಟರಮ್ಮ ನಂಬುವುದಿಲ್ಲ, ಊರಿನ ವಿವರ ಬರೆ, ಓದಿ ತೋರಿಸುತ್ತೇನೆ" ಎಂದು ಕೇಳಿದ್ದೀಯೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿ ತೋರಿಸುವುದು ನಿನ್ನ ಇಷ್ಟ.

ನಮ್ಮೂರಿನಲ್ಲಿ ಹೆಂಗಸರಿಗೆ ಎರಡು ಸ್ಥಾನ. ಒಬ್ಬಾಕೆ ಇದುವರೆಗೆ ಸಭೆಗೆ ಬಂದಿಲ್ಲ. ಗಂಡ ಬಂದು ಕೂರುತ್ತಾನೆ. ಇನ್ನೊಬ್ಬಳು ನನ್ನ ವಾರಗಿತ್ತಿ ಓಬಳಕ್ಕ. ಆಕೆ ತಪ್ಪದೆ ಹೋಗುತ್ತಾಳೆ. ಚಾಪೆಯ ಮೇಲೆ, ಬಾಗಿಲ ಪಕ್ಕ.

ಚಾವಡಿಯ ಪಕ್ಕ ಪಂಚಾಯಿತಿಯ ಹೊಸ ಕೋಣೆ ಎದ್ದಿದೆ. ಅದನ್ನು ಕೊಟ್ಟರೆ ಹೆಣ್ಣುಮಕ್ಕಳಿಗೆ ಐದನೇ ಕ್ಲಾಸು ತೆರೆಯುತ್ತೇವೆಂದು ಸ್ಕೂಲು ಇನ್‌ಸ್ಪೆಕ್ಟರು ಬರೆದಿದ್ದರು. ಗಂಡುಹುಡುಗರು ಸೈಕಲ್ಲಿನಲ್ಲಿ ಬೇರೆ ಊರಿಗೆ ಹೋಗುತ್ತಾರೆ. ಹುಡುಗಿಯರ ಓದು ನಾಲ್ಕಕ್ಕೇ ನಿಲ್ಲುತ್ತದೆ. ನನ್ನ ಮಗಳು ರಾಮಲಕ್ಷ್ಮಮ್ಮ ಈ ವರ್ಷ ನಾಲ್ಕು ಪಾಸಾಗಿ ಮನೆಯಲ್ಲಿದ್ದಾಳೆ. "ಊರಲ್ಲೇ ಆದ್ರೆ ಓದ್ಲಿ, ಊರು ಬಿಟ್ಟು ಕಳ್ಸಲ್ಲ" ಎಂದು ಅತ್ತೆಯವರು ಹೇಳಿಬಿಟ್ಟಿದ್ದರು. "ನನ್ನ ಓಟು ನಮ್ ಹುಡುಗೀಗೇ ಕಣೇ, ನೀನು ಯೋಚ್ನೆ ಮಾಡ್ಬ್ಯಾಡ" ಎಂದಿದ್ದಳು ಓಬಳಕ್ಕ.

ಸಭೆಯ ದಿನ ಸ್ಕೂಲಿನ ಪರವಾಗಿ ನನ್ನನ್ನೂ ಕರೆದಿದ್ದರು. ಕೋಣೆ ಸ್ಕೂಲಿಗೆ ಕೊಡೋಣವೆಂದವರು ಮೇಲಿನ ಬೀದಿಯ ಮುನಿಗಂಗಪ್ಪ. ಗೂಡು ತೂಗಿ ಇಡಲು ಬೇಕೆಂದವರು ನಲ್ಲಪ್ಪ. ಒಬ್ಬೊಬ್ಬರೂ ತಮ್ಮ ಓಟು ಯಾರ ಕಡೆಗೆಂದು ಹೆಸರು ಹೇಳಬೇಕೆಂದರು ಸೆಕ್ರೆಟರಿ. ಎರಡು ಕಡೆಯೂ ಸಮವಾಗಿ, ಓಬಳಕ್ಕ ಒಬ್ಬಳು ಉಳಿದಳು.

ತೊಡಕು ಇಲ್ಲಿದೆ, ಮಂಗಮ್ಮ. ಓಬಳಕ್ಕನ ಗಂಡ, ಅಂದರೆ ನಮ್ಮ ಭಾವನ ಹೆಸರೂ ಮುನಿಗಂಗಪ್ಪ.

ಆಕೆ ಸೆರಗು ಎಳೆದುಕೊಂಡು ಎದ್ದು ನಿಂತಳು. ನಲ್ಲಪ್ಪ ತೆಲುಗು ಬೆರೆಸಿ, "ಚೆಪ್ಪಮ್ಮಾ, ಚೆಪ್ಪು, ಹೇಳು! ಮೆಂಬರಮ್ಮಂಗೆ ನಾಚ್ಕೆ!" ಎಂದು ಕೆಣಕಿದರು. ಕೊನೆಗೆ ಓಬಳಕ್ಕ, "ನಮ್ಮನೆಯೋರು..." ಎಂದಳು.

ಗಂಡನ ಹೆಸರಿನವರಿಗೆ ಎಂದು ಆಕೆಯ ಅರ್ಥ. ಸೆಕ್ರೆಟರಿಗೆ ಕೇಳಿಸಿದ್ದು, ಗಂಡ ಹೇಳಿದ ಹಾಗೆ ಎಂದು. ಅವರು ಹೊರಗೆ ಜಗಲಿಯಲ್ಲಿ ಕೂತಿದ್ದ ಭಾವನತ್ತ ಕತ್ತು ಚಾಚಿ, "ಏನ್ ಮುನಿಗಂಗಪ್ಪನೋರೇ, ನಿಮ್ಮನ್ನೇ ಕೇಳ್ಬೇಕಂತೆ, ಯಾರ ಕಡೆ?" ಎಂದರು.

ಭಾವ ಬೀಡಿ ಆರಿಸಿ, "ನಲ್ಲಪ್ಪನ ಕಡೆ ಬರ್ಕೊಳ್ಳಿ" ಎಂದರು.

ನಾನು ಎದ್ದು, "ಅವರು ಹೇಳಿದ್ದು ಹಾಗಲ್ಲ ಸ್ವಾಮಿ, ಇನ್ನೊಂದು ಸಲ ಕೇಳಿ" ಎಂದೆ.

"ಮೆಂಬರಲ್ಲದೋರು ಮಾತಾಡಂಗಿಲ್ಲ ಮೇಡಮ್ಮೋರೇ."

"ಭಾವ ಮೆಂಬರೇ?"

"ಅವ್ರು ಯಜಮಾನ್ರು" ಎಂದರು ಸೆಕ್ರೆಟರಿ. ಎಲ್ಲರೂ ನಕ್ಕರು. ಭಾವನೂ ನಕ್ಕರು. ಓಬಳಕ್ಕ ಬೇಡ ಬೇಡವೆಂದು ಕೈಯಾಡಿಸುತ್ತಿದ್ದಳು, ಆದರೆ ಆಗಲೇ ಬರೆದಾಗಿತ್ತು.

ಮನೆಗೆ ಬಂದು ಹಿತ್ತಲಲ್ಲಿ ಅತ್ತಳು. "ನಾನು ಹೇಳಿದ್ದು ಹೆಸ್ರು ಕಣೇ, ಅವ್ರ ಮಾತಲ್ಲ."

"ಮೇಲಿನ ಬೀದಿಯೋರು ಅನ್ನಬಾರದಿತ್ತೆ ಅಕ್ಕ?"

"ಅಷ್ಟ್ ಜನ ನೋಡ್ತಿದ್ರೆ ಏನ್ ತೋಚ್ತದೆ? ಹೆಸ್ರು ಹೇಳಿ ಅವ್ರ ಆಯಸ್ಸಿಗೆ ಕುತ್ತು ತರ್ಲಾ?"

ಈಗ ಆ ಕೋಣೆಯ ತುಂಬ ಗೂಡಿನ ಮೂಟೆಗಳಿವೆ. ಇನ್‌ಸ್ಪೆಕ್ಟರು ಐದನೇ ಕ್ಲಾಸನ್ನು ಬೇರೆ ಊರಿಗೆ ಕೊಟ್ಟರು. ಮತ್ತೆ ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ; ಬರುವ ನಂಬಿಕೆಯೂ ಇಲ್ಲ.

ಸಿಲೋನಿನಲ್ಲಿ ಒಬ್ಬ ಹೆಂಗಸು ಪ್ರಧಾನಿಯಾದ ಸುದ್ದಿ ಇಲ್ಲಿಗೆ ಬಂದದ್ದು ಆ ಸಭೆಯ ವಾರದಲ್ಲೇ. ಯಾವ ದೇಶ ಮುಂದೆ, ಯಾವುದು ಹಿಂದೆ ಎಂದು ನೀನು ಕೇಳಿದ್ದೀಯೆ. ಪೇಪರು ನೋಡಿದರೆ ನಾವು ನಿಮ್ಮ ಡಾಕ್ಟರಮ್ಮನಿಗಿಂತ ಮುಂದೆ, ಅದರಲ್ಲಿ ಸುಳ್ಳಿಲ್ಲ. ಆಕೆ ಬಾಯಿಬಿಟ್ಟು ಕೇಳುತ್ತಿದ್ದಾಳೆ, ಅವರು ಇಲ್ಲವೆನ್ನುತ್ತಿದ್ದಾರೆ. ಇವತ್ತಲ್ಲ ನಾಳೆ ಕೊಟ್ಟಾರು. ಓಬಳಕ್ಕನಿಗೆ ಎಲ್ಲ ಕೊಟ್ಟಾಗಿದೆ. ಇನ್ನು ಯಾರನ್ನು ಏನೆಂದು ಕೇಳುವುದು? ನನಗೆ ತಿಳಿಯದು.

ಮಗುವಿಗೆ ನನ್ನ ಮುತ್ತು. ಅದು ಹೆಣ್ಣೆಂಬ ಚಿಂತೆ ನಿನಗೆ ಬೇಡ, ಚೆನ್ನಾಗಿ ಓದಿಸು. ನೂರು ಕಾಲ ಸುಖವಾಗಿರಿ.

ನಿನ್ನ,
ವೆಂಕಟರತ್ನ

ಮೇಲೆ ಬರೆಯಲು ಕೈ ಬರಲಿಲ್ಲ, ಇಲ್ಲಿ ಬರೆಯುತ್ತೇನೆ. ರಾಮಲಕ್ಷ್ಮಮ್ಮ ಹೇಗೂ ಮನೆಯಲ್ಲಿದ್ದಾಳೆಂದು ಚಿಂತಾಮಣಿಯ ನನ್ನ ತಮ್ಮ ವೆಂಕಟೇಶನಿಗೆ ಕೊಡುವ ಮಾತು ಮುಗಿಸಿದ್ದಾರೆ. ಮದುವೆ ಅವಳು ದೊಡ್ಡವಳಾದ ಮೇಲಂತೆ. ನನ್ನನ್ನು ಕೇಳಲಿಲ್ಲವೆಂದಲ್ಲ, ತೀರ್ಮಾನವಾದ ಮೇಲೆ ಕೇಳಿದರು. ಹುಟ್ಟಿದಾಗಿನಿಂದ ವೆಂಕಟೇಶ ಮಾಮ ಎಂದು ಕೂಗಿ ಅವನ ಹೆಗಲೇರಿದವಳು. "ಇನ್ಮ್ಯಾಲೆ ಆ ಹೆಸ್ರು ಬಾಯಿಗೆ ತರ್ಬ್ಯಾಡ ಕಣಮ್ಮ" ಎಂದು ಹೇಳಿಕೊಟ್ಟವಳು ಓಬಳಕ್ಕನೇ. ಸಂಜೆ ಮನೆಯವರಿಗೆಲ್ಲ ಪೇಪರು ಓದಿ ಹೇಳುವುದು ಈಗಲೂ ರಾಮಲಕ್ಷ್ಮಮ್ಮನ ಕೆಲಸ. ನಿನ್ನೆ ಶಿಡ್ಲಘಟ್ಟದ ಸುದ್ದಿಯೊಂದನ್ನು ಓದುತ್ತಾ, "ಶ್ರೀ..." ಎಂದು ನಿಂತಳು. "ಶ್ರೀ ಯಾರಮ್ಮ?" ಎಂದು ಅವರಪ್ಪ ಕೇಳಿದರು. ತಲೆ ಬಗ್ಗಿಸಿ, "ಮಾಮನ ಹೆಸರಿನೋರು" ಎಂದಳು. ಓಬಳಕ್ಕ ಅವಳ ಕೆನ್ನೆ ಸವರಿ, "ಜಾಣೆ ಕಣಮ್ಮ ನೀನು, ಒಂದ್ಸಲ ಹೇಳಿದ್ದಕ್ಕೆ ಕಲ್ತ್‌ಬಿಟ್ಟೆ" ಎಂದಳು.