ಹಿಂದೆ ಬಾಗಿಲಿರುವ ಗಾಡಿ

ಭಾನುವಾರ, ಮಧ್ಯಾಹ್ನ

ಮುನಿಸಿಕೊಂಡು ಅಕ್ಕನ ಮನೆ ಸೇರಿರುವ ಯಜಮಾನರಿಗೆ, ನಿಮ್ಮವಳ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಫೋನ್ ಎತ್ತುವುದೇ ಇಲ್ಲ ಎಂದು ಹಠ ಹಿಡಿದು ಕೂತವರಿಗೆ ಕಾಗದ ಬರೆಯದೆ ಇನ್ನೇನು ಮಾಡಲಿ? ಇದನ್ನೂ ಓದದೆ ಮಡಚಿಟ್ಟರೆ ಅತ್ತಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.

ಇನ್ನು ಮಾದರಿ ಕೆತ್ತುವುದಿಲ್ಲ, ಉಳಿಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡಲಿ ಎಂದಿರಂತೆ. ಕೊಡುವುದಿಲ್ಲ. ಎಣ್ಣೆ ಹಚ್ಚಿ, ಒರೆಸಿ, ನಿಮ್ಮ ಮೇಜಿನ ಮೇಲೆ ಜೋಡಿಸಿಟ್ಟಿದ್ದೇನೆ.

ತಪ್ಪಾದದ್ದು ನಿಜ. ನೀರಿನಲ್ಲೂ ನೆಲದಲ್ಲೂ ಓಡುವ ಆ ಯುದ್ಧಕಾಲದ, ಟ್ಯಾಂಕಿನಂಥ ಚೈನುಗಾಡಿಯನ್ನು ಅಂಗೈಯಗಲದಲ್ಲಿ ಎಷ್ಟು ಬಗೆಯಾಗಿ ಕೆತ್ತಿದ್ದೀರಿ! ಮೊದಲನೆಯದರಲ್ಲಿ ಇಂಜಿನ್ ಹಿಂದೆ. ಪಾಪ, ಸೈನಿಕರು ಪಕ್ಕದ ಗೋಡೆ ಹತ್ತಿ, ಎಲ್ಲರ ಕಣ್ಣಿಗೆ ಬಿದ್ದು, ಧುಮುಕಬೇಕು. ಆಮೇಲೆ ನೆತ್ತಿಯ ಮೇಲೆ ಫಿರಂಗಿ ಹೊತ್ತದ್ದು. ಈ ಸಲದ್ದರಲ್ಲಿ ಇಂಜಿನ್ ಮುಂದಕ್ಕೆ ಹೋಗಿ, ಹಿಂದೆ ಬಾಗಿಲು ಬರಬೇಕಿತ್ತು. ನೀವು ಬಾಗಿಲನ್ನೇನೋ ಕೆತ್ತಿದಿರಿ, ಇಂಜಿನ್ನನ್ನು ಮಾತ್ರ ಹಿಂದೆಯೇ ಬಿಟ್ಟಿರಿ. ಅಚ್ಚು ಹೊಯ್ದು ಪೆಟ್ಟಿಗೆಗೆ ತುಂಬಿದ ನನ್ನ ಕಣ್ಣಿಗೂ ಅದು ಬೀಳಲಿಲ್ಲ. ಮೇಜಿನ ಮೇಲೆ ಯುದ್ಧದಾಟ ಆಡುವ ಕ್ಲಬ್ಬಿಗೆ ಕೊಂಡೊಯ್ದಾಗ, ಸೈನಿಕರೇನು ಇಂಜಿನ್ನೊಳಗಿಂದ ತೂರಿಕೊಂಡು ಬರಬೇಕೇ ಎಂದು ಅಲ್ಲಿ ಆಟ ನಡೆಸುವ ಮೇಷ್ಟ್ರು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನೀವು ಮನೆಗೆ ಬಂದವರೇ ಚೀಲ ತುಂಬಿಕೊಂಡು ಹೊರಟಿರಿ.

ನಿಮ್ಮ ಕೋಪ ಆ ನಗುವಿನ ಮೇಲಲ್ಲ, ನನಗೆ ಗೊತ್ತು. ಕೈ ನಡುಗುತ್ತಿತ್ತು, ಈಗ ನೆನಪೂ ಕೈಕೊಡುತ್ತಿದೆ ಎಂದು ಹೆದರಿದ್ದೀರಿ. ಕೆತ್ತುವಾಗ ನಿಮ್ಮ ಮೊಣಕೈ ಕೆಳಗೆ ಒಂದು ದಿನ ದಿಂಬು ಬಂತಲ್ಲ, ಅದು ತಾನಾಗಿಯೇ ನಡೆದು ಬಂತೆಂದುಕೊಂಡಿರಾ? ನಿಮಗೆ ಹೇಳಿದರೆ ನೊಂದುಕೊಳ್ಳುತ್ತೀರೆಂದು ಸುಮ್ಮನಿದ್ದೆ. ಈಗ ನನಗೂ ಹೆದರಿಕೆಯಿದೆ. ಇಬ್ಬರೂ ಬೇರೆ ಬೇರೆ ಮನೆಯಲ್ಲಿ ಕೂತು ಹೆದರುವುದೇಕೆ?

ಮೇಷ್ಟ್ರು ಬಂದಿದ್ದರು. ಹೊಸ್ತಿಲಲ್ಲೇ ನಿಂತು, ತಮಾಷೆ ಅತಿಯಾಯಿತು ಎಂದು ಪೇಚಾಡಿದರು. ಈ ಗಾಡಿ ಬರುವವರೆಗೆ ಸೈನ್ಯ ಕಡಲಿನಿಂದ ದಂಡೆ ಹತ್ತುವ ಆಟವನ್ನೇ ಆಡುವುದಿಲ್ಲವಂತೆ. ಮೇಜಿನ ಮೇಲೆ ಹರಡಿದ ಮರಳು ಹಾಗೇ ಇದೆಯಂತೆ. ಬೇರೆ ಕಡೆ ಸಿಗುತ್ತದಲ್ಲ ಎಂದೆ. ಚೈನಿನ ಒಂದೊಂದು ಕೊಂಡಿಯೂ ಬಿಡಿಬಿಡಿಯಾಗಿ ಕಾಣುವಂತೆ ಕೆತ್ತುವುದು ಬೇರೆ ಯಾರಿಗೂ ಬರುವುದಿಲ್ಲ ಎಂದರು.

ನಾನೇ ಸರಿಮಾಡೋಣವೆಂದು ಇಂಜಿನ್ನನ್ನು ಕೊಯ್ದು ಮುಂದಕ್ಕೆ ಅಂಟಿಸಿದೆ. ಸೊಟ್ಟಗೆ ಹೋಗಿ ಚಾಲಕನ ತೊಡೆಯ ಮೇಲೇ ಕೂತಿದೆ. ನೋಡಿದರೆ ಬೈಯದೆ ಇರಲಾರಿರಿ. ಬಂದು ಬೈಯಿರಿ.

ಇಂತಿ,
ಬೆರಳಿಗೆಲ್ಲ ಅಂಟು ಮೆತ್ತಿಕೊಂಡ
ನಿಮ್ಮವಳು

ತಾ.ಕ.: ಮುಂಬಾಗಿಲಿಂದ ಬಂದರೆ ಬೀದಿಯವರೆಲ್ಲ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುತ್ತಾರೆಂಬ ಸಂಕೋಚವಿದ್ದರೆ ಹಿತ್ತಲ ಬಾಗಿಲಿಂದ ಬನ್ನಿ. ಅದಕ್ಕೆ ಅಡ್ಡವಾಗಿದ್ದ ಅಚ್ಚಿನ ಪೆಟ್ಟಿಗೆಗಳನ್ನು ನೀವು ಹೋದ ದಿನವೇ ಮುಂದಿನ ಕೋಣೆಗೆ ಸಾಗಿಸಿದ್ದೇನೆ.